ಸೀಸವಿಲ್ಲದ ಕಡ್ಡಿ

ಗಂಡನ ಅಂಗಿಗಳನ್ನು ಬಕೆಟ್ಟಿಗೆ ಹಾಕುತ್ತಿದ್ದವಳ ಕೈ ನಿಂತಿತು. ಆಸಿಡ್ ಸಿಡಿದು ತೂತುಬಿದ್ದ ನೀಲಿ ಅಂಗಿಯ ಕೆಳಗೆ ಒಂದು ಪುಸ್ತಕವಿತ್ತು. ಮಕ್ಕಳ ಪುಸ್ತಕ. ರಟ್ಟಿನ ಮೇಲೆ ಬಣ್ಣದ ಚೌಕಗಳು, ಒಂದೊಂದರಲ್ಲಿ ಒಂದೊಂದು ಧಾತು. ಒಳಗೆ ಶಾಲೆಯ ಮುದ್ರೆ.

ಬೆಳಿಗ್ಗೆ ಎಂದಿನಂತೆ ಹಾಲು ಬಂದಿತ್ತು, ನಲ್ಲಿಯಲ್ಲಿ ನೀರೂ ಬಂದಿತ್ತು. ಅಡುಗೆಮನೆಯಿಂದ ಅತ್ತೆ ಏನೋ ಕೇಳಿದರು. ಸುದ್ದಿ ಬಂದಾಗಿನಿಂದ ಅವಳ ಬಾಯಿಂದ ಮಾತು ಹೊರಟಿರಲಿಲ್ಲ.

ನಿನ್ನೆ ಮಣ್ಣಿಗೆ ಬಂದವರೆಲ್ಲ ಅದನ್ನೇ ಆಡಿಕೊಂಡಿದ್ದರು. ಅಳಲೂ ಇಲ್ಲವಲ್ಲ, ಕಲ್ಲಾಗಿಬಿಟ್ಟಳಲ್ಲ ಎಂದು. ಅವನ ಅಂಗಡಿಯ ಪಕ್ಕದ ಟೈರಿನವನು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ.

“ಬ್ಯಾಟರಿ ಇಳಿಸಿಟ್ಟ, ಸ್ಟೂಲ್ ಎಳ್ಕೊಂಡು ಕೂತ. ಟೀ ತರ್ಲಾ ಅಂದೆ, ಹೂಂ ಅಂದ. ಟೀ ತಂದೆ...”

ಪ್ರತಿ ಸಲವೂ ಟೀಗೆ ಬಂದು ನಿಂತುಬಿಡುತ್ತಿದ್ದ.

ಪಕ್ಕದ ಮನೆಯ ಹುಡುಗಿ ಎರಡು ಸಲ ಬಾಗಿಲಿಗೆ ಬಂದಳು. “ಈಗ ಪುಸ್ತಕ ಕೇಳೋ ಹೊತ್ತೇನೆ?” ಎಂದು ಅವಳ ಅಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

*

ಬ್ಯಾಟರಿ ರಿಪೇರಿ ಮಾಡುತ್ತಿದ್ದ ಅವನಿಗೆ ದಿನವಿಡೀ ಸೀಸದ ಪ್ಲೇಟುಗಳ ಜೊತೆ ಕೆಲಸ. ಉಗುರಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜದೆ ತುತ್ತು ಮುಟ್ಟುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತ ಪೆನ್ಸಿಲ್ ಕಚ್ಚುವ ಈ ಹುಡುಗಿಯನ್ನು ಕಂಡರೆ ಗದರುತ್ತಿದ್ದ. ಅವನ ಚಪ್ಪಲಿಯ ಸದ್ದಾದರೆ ಸಾಕು, ಪೆನ್ಸಿಲ್ ಅವಳ ಬೆನ್ನ ಹಿಂದೆ ಹೋಗುತ್ತಿತ್ತು.

“ಸೀಸ ಹೊಟ್ಟೆಗೆ ಹೋಗುತ್ತೆ ಮೇಡಂ.”

“ಪೆನ್ಸಿಲ್‌ನಲ್ಲಿ ಸೀಸ ಇರಲ್ಲ, ಬ್ಯಾಟರಿ ಮಾಮ.”

“ಹೆಸರಲ್ಲೇ ಇದೆಯಲ್ಲ, ಸೀಸದ ಕಡ್ಡಿ ಅಂತ. ನನಗೇ ಸೀಸದ ಪಾಠ ಹೇಳ್ತೀರಾ?”

ಮರುದಿನ ಹುಡುಗಿ ಶಾಲೆಯ ಪುಸ್ತಕ ತಂದು ಅವನ ಕೈಗಿಟ್ಟಳು. ಓದಿ, ಅವನ ಮಾತು ತಪ್ಪಾಗಿದ್ದರೆ ಸೋತೆ ಅನ್ನಬೇಕೆಂದು ಕರಾರು.

ಆ ರಾತ್ರಿ ಊಟವಾದ ಮೇಲೆ ಅವನು ಬೆರಳಿಟ್ಟು ಓದಿದ. ಸೀಸದ ಪುಟದಲ್ಲಿ ಕಡ್ಡಿಯ ಸುದ್ದಿಯೇ ಇರಲಿಲ್ಲ. ಗೆದ್ದವನಂತೆ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಇಂಗಾಲದ ಪುಟ ಬಂತು. ಇದ್ದಿಲು, ವಜ್ರ, ಸೀಸದ ಕಡ್ಡಿಯ ಕಪ್ಪು, ಎಲ್ಲ ಒಂದೇ ಮನೆಯವರು. ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಸೋತೆ ಕಣೇ. ನೀನು ಹೇಳ್ಬೇಡ. ನಾಳೆ ಸಂಜೆ ನಾನೇ ಹೇಳ್ತೀನಿ. ಅವಳ ಮುಖ ಹೇಗಾಗುತ್ತೋ ನೋಡ್ಬೇಕು.”

*

ಕೈ ಒರೆಸಿಕೊಂಡು ಅವಳು ಪುಸ್ತಕ ಎತ್ತಿಕೊಂಡಳು. ಎಲ್ಲಿಗೆಂದು ಅತ್ತೆ ಕೇಳಿದ್ದು ಹಿಂದಿನಿಂದ ಕೇಳಿಸಿತು.

ಹುಡುಗಿ ಯೂನಿಫಾರ್ಮಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಬ್ಯಾಗು, ಬಾಯಲ್ಲಿ ಪೆನ್ಸಿಲ್. ಪುಸ್ತಕ ಚಾಚಿದಾಗ ಎದ್ದು ನಿಂತು ಮೆಲ್ಲಗೆ ತೆಗೆದುಕೊಂಡಳು.

ಅಷ್ಟಕ್ಕೇ ಒಳಗೆ ಹೋಗಬಹುದಿತ್ತು. ಅವಳು ಹೋಗಲಿಲ್ಲ. ತುಟಿ ತೆರೆದಳು, ಸ್ವರ ಬರಲಿಲ್ಲ. ಮತ್ತೆ ತೆರೆದಳು.

“ಅವರೇ ಹೇಳ್ಬೇಕು ಅಂತಿದ್ರು,” ಅಂದಳು. “ಸೋತೆ ಅಂತ.”

ಅಡುಗೆಮನೆಯ ಪಾತ್ರೆಯ ಸದ್ದು ಥಟ್ಟನೆ ನಿಂತಿತು.

ಹುಡುಗಿ ನಗಲಿಲ್ಲ. ಬಾಯಿಂದ ಪೆನ್ಸಿಲ್ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.