ಹೊಟ್ಟೆಯುರಿಯ ವಿಚಾರಣೆ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಊಟಕ್ಕಿದ್ದ ಮುಕ್ಕಾಲು ಗಂಟೆಯನ್ನು ಕಾಲು ಗಂಟೆಗೆ ಇಳಿಸಿದರು.

ಅಂದಿನಿಂದ ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲ, ತುಂಬಿಕೊಳ್ಳುತ್ತಿದ್ದರು. ಬಾಯೊಳಗಿನ ತುತ್ತು ಇಳಿಯುವ ಮೊದಲೇ ಮೆಷಿನ್ ಮೇಲೆ ಬೆನ್ನು ಗೂನು ಮಾಡಿ ಕೂರಬೇಕು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಒಳಗೆ ಹೋದದ್ದು ಏನೋ ಮರೆತು ಬಂದವರ ಹಾಗೆ ಹುಳಿಹುಳಿಯಾಗಿ ಗಂಟಲಿಗೆ ವಾಪಸು ಬರುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದುದು ಕಾಲರಕ್ಕನಿಗೆ. ಕಾಲರು ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು. ಒಂದು ಮಧ್ಯಾಹ್ನ ತಡೆಯಲಾರದೆ, "ಅಯ್ಯಯ್ಯೋ, ಹೊಟ್ಟೆ ಉರೀತಿದೆ ಕಣ್ರೇ!" ಎಂದು ಕೂಗಿಬಿಟ್ಟಳು.

ಕೂಗಿದ ಗಳಿಗೆ ಕೆಟ್ಟದ್ದು. ಅವಳ ಸ್ವಂತ ನಾದಿನಿ, ಅವತ್ತೇ ಸೂಪರ್‌ವೈಸರ್ ಆದವಳು, ಹೊಸ ಬ್ಯಾಡ್ಜು ಮಿಂಚಿಸುತ್ತ ಸಾಲಿನ ನಡುವೆ ಠೀವಿಯಿಂದ ಬರುತ್ತಿದ್ದಳು. ಮೆಷಿನ್‌ಗಳೆಲ್ಲ ಗಪ್‌ಚುಪ್.

"ಏನಂದ್ರಿ ಅತ್ತಿಗೆ?"

"ಹೊಟ್ಟೆ ಉರೀತಿದೆ ಅಂದೆ."

"ಉರೀದೆ ಇನ್ನೇನು? ನಾನು ಮುಂದೆ ಬಂದಾಗ ನಿಮಗೆ ಯಾವತ್ತು ತಣ್ಣಗಿತ್ತು?"

"ಆ ಉರಿ ಅಲ್ಲ ಕಣೇ! ಇದು ಗಂಟಲವರೆಗೂ ಬರುತ್ತೆ!"

"ಅಷ್ಟೊಂದಾ!" ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಸುದ್ದಿ ಮ್ಯಾನೇಜರನ ಕಿವಿಗೆ ಬಿತ್ತು. ಕಾಲರಕ್ಕ ನಾಳೆ ಎಲ್ಲರೆದುರು ನಾದಿನಿಯ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದ. ಅವಳ ಮೆಷಿನ್ ತಿರುಗಿದರೆ ಮಾತ್ರ ಮನೆಯಲ್ಲಿ ಒಲೆ ಹತ್ತುತ್ತಿತ್ತು.

"ಒಂದು ಮಾತು ಕೇಳಿಬಿಡೇ, ನನ್ನ ತಂಗಿ ತಾನೆ," ಎಂದ ಗಂಡ.

"ಕೇಳ್ತೀನಿ. ಏನಂತ ಕೇಳಲಿ? ನನ್ನ ಹೊಟ್ಟೆ ನಿನ್ನ ಅಪ್ಪಣೆ ಇಲ್ಲದೆ ಉರೀತು, ತಪ್ಪಾಯ್ತು ಅಂತಲಾ?"

ಉರಿ ಬರೀ ಹೆಂಗಸರ ಮತ್ಸರ ಎಂದು ಸಾಬೀತು ಮಾಡಲು ಮ್ಯಾನೇಜರ್ ಮರುದಿನ ಡಾಕ್ಟರನ್ನೂ ಕರೆಸಿದ. ಹೊಲಿಗೆಯ ಹೊತ್ತು ಹಾಳಾಗಬಾರದಲ್ಲ, ಸಭೆಯನ್ನು ಊಟದ ಕಾಲು ಗಂಟೆಯಲ್ಲೇ ಇಟ್ಟ. ಹೆಂಗಸರು ತೆರೆಯದ ಡಬ್ಬಿಗಳನ್ನು ಹಿಡಿದು ನಿಂತರು.

"ಇದು ಹೊಟ್ಟೆಯ ಆಮ್ಲ ಮೇಲಕ್ಕೆ ಬರೋ ಕಾಯಿಲೆ," ಎಂದರು ಡಾಕ್ಟರು. "ಅಪರೂಪದ್ದೇನಲ್ಲ. ಕೆಲವು ಕಡೆ ಐದು ಜನರಲ್ಲಿ ಒಬ್ಬರಿಗಿರುತ್ತೆ. ಇಲ್ಲಿ ಯಾರಿಗಿದೆ, ಕೈಯೆತ್ತಿ."

ಎಲ್ಲ ಕೈಗಳೂ ಮೇಲೆದ್ದವು. ಬ್ಯಾಡ್ಜಿನ ಹಿಂದಿನಿಂದ ನಾದಿನಿಯ ಕೈಯೂ ಅರ್ಧ ಎದ್ದು ತಲೆ ಕೆರೆದುಕೊಂಡಿತು.

"ಐದರಲ್ಲಿ ಒಬ್ಬರು ಅಂದೆ."

"ಉಳಿದ ನಾಲ್ಕು ಜನ ಹೊರಗಡೆ ಆರಾಮಾಗಿ ಉಣ್ತಿದ್ದಾರೆ, ಸಾರ್," ಎಂದಿತು ಗುಂಡಿ ಹಾಕುವವರ ಸಾಲು.

ಯಾರ್ಯಾರಿಗೆ ಬರುತ್ತದೆ ಎಂದು ಡಾಕ್ಟರು ಹೇಳತೊಡಗಿದರು. "ಮೈತೂಕ ಜಾಸ್ತಿ ಇದ್ದೋರಿಗೆ." ಮ್ಯಾನೇಜರ್ ಹೊಟ್ಟೆ ಒಳಗೆಳೆದುಕೊಂಡ. "ಸಿಗರೇಟು ಸೇದೋರಿಗೆ." ಅವನ ಕೈ ಜೇಬಿನಿಂದ ಹೊರಬಂತು. "ಬಸುರಿಯರಿಗೆ." ರೂಢಿ ತಪ್ಪದೆ ಎಲ್ಲರೂ ಆಗಲೂ ಅವನ ಹೊಟ್ಟೆಯನ್ನೇ ನೋಡಿದರು. "ಗಬಗಬ ತುಂಬಿಕೊಂಡು ತಕ್ಷಣ ಮಲಗಿದ್ರೆ, ಇಲ್ಲ ಬಗ್ಗಿ ಕೂತ್ರೆ..." ಡಾಕ್ಟರರ ಕಣ್ಣು ಮೆಷಿನ್‌ಗಳ ಸಾಲಿನತ್ತ ಹೊರಳಿತು.

"ಹೊಟ್ಟೆಕಿಚ್ಚಿಂದ ಬರಲ್ವಾ ಡಾಕ್ಟ್ರೇ?" ಮ್ಯಾನೇಜರ್ ಅಂಗಲಾಚಿದ.

"ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಈ ಉರಿ ಬೇರೆ."

ಕಾರ್ಖಾನೆಯೇ ಗೊಳ್ಳೆಂದಿತು. ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಮ್ಯಾನೇಜರ್ ಹಲ್ಲು ಕಚ್ಚಿ, "ಆಯ್ತಮ್ಮ, ಕ್ಷಮೆ ಬಿಟ್ಟೆ. ನಿನ್ನ ಕೆಲಸ ನಿನಗೇ. ಹೋಗಿ ಕೂತ್ಕೋ," ಎಂದ.

ಕಾಲರಕ್ಕ ಕೂತಳು. ಮೆಷಿನ್ ಮುಂದಲ್ಲ, ನೆಲದ ಮೇಲೆ, ಗೋಡೆಗೆ ಬೆನ್ನು ನೆಟ್ಟಗೆ ಕೊಟ್ಟು. ಡಬ್ಬಿ ತೆರೆದಳು.

"ಗಂಟೆ ಕೇಳಿಸ್ಲಿಲ್ವಾ? ಏಳು!"

"ಇನ್ನೂ ಉಂಡಿಲ್ಲ ಸಾರ್."

"ಐದು ನಿಮಿಷದಲ್ಲಿ ನುಂಗಿ ಮೆಷಿನ್‌ಗೆ ಬಾ."

ಅವಳು ನಿಧಾನವಾಗಿ ಅಗಿದಳು, ನುಂಗಿದಳು, ಬಾಯಿ ಒರೆಸಿಕೊಂಡಳು.

"ನುಂಗಲ್ಲ ಸಾರ್, ಉಣ್ತೀನಿ. ಉಂಡ ಮೇಲೂ ಒಂದಷ್ಟು ಹೊತ್ತು ಬಗ್ಗಲ್ಲ."