ಹೊಳೆಗೆ ಬಿಟ್ಟ ನೀರು

ನನ್ನ ಮಗಳು ಅಫೀಫಾಳ ಅಂಗಾಲಿಗೆ ಮರುವಾಯಿಯ, ಅಂದರೆ ಕಪ್ಪೆಚಿಪ್ಪಿನ, ಚೂರು ಹೊಕ್ಕಿದ್ದು ಮೊಗ್ರಾಲ್ ಹೊಳೆಯಲ್ಲಿ, ನನ್ನ ತಮ್ಮ ನೌಷಾದನ ಸಿಗಡಿ ಕೆರೆಯ ನೀರು ಬಂದು ಬೀಳುವ ಕಡೆ. ತೊಳೆದು ಅರಸಿನ ಹಚ್ಚಿ ಮರುದಿನ ಶಾಲೆಗೂ ಕಳಿಸಿದೆ. ವಾರದೊಳಗೆ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಕುಂಬಳೆಯ ಡಾಕ್ಟರು ಕೊಟ್ಟ ಮಾತ್ರೆ ಮುಗಿದರೂ ಜ್ವರ ಬಿಡಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಕೀವನ್ನು ಪರೀಕ್ಷೆಗೆ ಕಳಿಸಿದರು.

ಅವಳ ಉಪ್ಪ, ನನ್ನ ಗಂಡ, ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಳ್ಳುವವನು ನೌಷಾದ್. ಗಲ್ಫಿನಲ್ಲಿ ದುಡಿದದ್ದನ್ನೆಲ್ಲ ಆ ಕೆರೆಗೆ ಹಾಕಿದ್ದ. ಕೆರೆಯ ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಬರುತ್ತಿದ್ದ.

"ಮಾಮ, ನಿಮ್ಮ ಮೈಯೆಲ್ಲ ಸಿಗಡಿ ನಾತ. ನರ್ಸ್ ಓಡಿಸ್ತಾರೆ ನೋಡಿ" ಎಂದಳು ಅಫೀಫಾ.

"ಓಡಿಸಿದ್ರೆ ಓಡ್ತೇನೆ. ನಿನಗೆ ಆಗ್ತದಾ, ಮಲಗಿ ಗಂಜಿ ಕುಡಿಯುವವಳೇ?"

ಅವಳು ನಕ್ಕಳು. ನಕ್ಕರೂ ಕಾಲು ನೋಯುತ್ತಿತ್ತು.

ರಿಪೋರ್ಟ್ ಬಂದ ದಿನ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿ, ಈ ರೋಗಾಣುವಿಗೆ ಯಾವ ಯಾವ ಮದ್ದು ನಾಟುವುದಿಲ್ಲ ಎಂದು ಒಂದೊಂದಾಗಿ ಓದಿದರು. ಒಂದು ಹೆಸರಿಗೆ ನೌಷಾದ್ ತಲೆ ಎತ್ತಿದ.

"ಅದು ನಾವು ಸಿಗಡಿಯ ತಿಂಡಿಗೆ ಕಲಸುವ ಮದ್ದು ಸಾರ್. ರೋಗ ಬಾರದ ಹಾಗೆ."

"ಕೆರೆ ನೀರು ಎಲ್ಲಿಗೆ ಬಿಡ್ತೀರಿ?"

"ಹೊಳೆಗೆ."

ಡಾಕ್ಟರ್ ಕನ್ನಡಕ ತೆಗೆದಿಟ್ಟರು. "ಇದು ಅಲ್ಲಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ದಿನಾ ಮದ್ದಿನ ನೀರಲ್ಲೇ ಬದುಕಿ ಉಳಿದ ರೋಗಾಣು ಆಮೇಲೆ ಆ ಮದ್ದಿಗೆ ಸಾಯುವುದಿಲ್ಲ. ಇನ್ನು ಒಂದು ಇಂಜೆಕ್ಷನ್ ಉಂಟು, ದುಬಾರಿ. ಅದೂ ಹಿಡಿಯದಿದ್ದರೆ ಪಾದ ತೆಗೆಯಬೇಕಾದೀತು."

ಹೊರಗೆ ಬಂದವನೇ ನೌಷಾದ್, "ಇತ್ತಾ, ಕೆರೆಗೆ ಆ ಮದ್ದು ಇನ್ನು ಬೇಡ" ಎಂದು ಅಕ್ಕನಾದ ನನಗೆ ಹೇಳಿದ. ಅವತ್ತೇ ನಿಲ್ಲಿಸಿದ.

ಇಂಜೆಕ್ಷನ್ ಶುರುವಾಯಿತು. ಜ್ವರ ಒಂದಿಷ್ಟು ಇಳಿಯಿತು, ಬಾವು ಇಳಿಯಲಿಲ್ಲ. ಇನ್ನೂ ಕೊಟ್ಟು ನೋಡುವ ಎಂದರು. ಅಷ್ಟರಲ್ಲಿ ಕೆರೆ ಕಾಯುವ ಬೋಜನ ಫೋನ್ ಬಂತು. ಸಿಗಡಿಗಳು ಬಡವಾಗಿ ದಂಡೆಗೆ ಬರುತ್ತಿವೆಯಂತೆ, ಕೆಲವು ಸತ್ತಿವೆಯಂತೆ.

ನೌಷಾದ್ ಫೋನನ್ನು ಎದೆಗೆ ಒತ್ತಿ ಹಿಡಿದ. ಆ ಸಿಗಡಿ ಮಾರಿಯೇ ಮುಂದಿನ ಇಂಜೆಕ್ಷನ್ ತರಬೇಕಿತ್ತು.

"ಎಂತ ಮಾಡುವುದು ಇತ್ತಾ?"

"ಹಾಕಲಿಕ್ಕೆ ಹೇಳು" ಎಂದೆ.

"ಬೋಜ, ಮದ್ದು ಕಲಸು. ಈ ಸಲ ಎರಡು ಪಾಲು" ಎಂದ ಅವನು, ಗೋಡೆಯ ಕಡೆ ತಿರುಗಿ.

ಒಳಗೆ ಅಫೀಫಾ ಎದ್ದಿದ್ದಳು. "ಮದ್ದು ಯಾರಿಗೆ ಉಮ್ಮಾ?"

"ಸಿಗಡಿಗೆ."

"ಅವಕ್ಕೂ ಜ್ವರವಾ?"

ಹೌದೆಂದು ಅವಳ ಕಾಲನ್ನು ಮೆಲ್ಲನೆ ಎತ್ತಿ ದಿಂಬಿನ ಮೇಲಿಟ್ಟೆ. ಬಾವು ಹಿಮ್ಮಡಿ ದಾಟಿ ಮೀನಖಂಡಕ್ಕೆ ಏರಿತ್ತು.