ಚುಕ್ಕಿ ಬಟ್ಟೆ ಕತ್ತರಿಸಿದ್ದು ಯಾಕೆ?

ಬೆಳಗ್ಗೆ ಅಂಗಡಿಯ ದೀಪ ಹಾಕಿದ ಟೈಲರಮ್ಮ ಹಾಗೇ ನಿಂತುಬಿಟ್ಟಳು. ಶಾಲೆ ಶುರುವಾಗುವ ಮೊದಲು ಕೊಡಬೇಕಾದ ಯೂನಿಫಾರ್ಮ್‌ಗಳನ್ನೆಲ್ಲ ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಈಗ ಅವು ನೆಲದ ತುಂಬ ಚೆಲ್ಲಾಡಿದ್ದವು. ತೋಳು ಒಂದು ಕಡೆ, ಕಾಲರು ಒಂದು ಕಡೆ. ಮೇಜಿನ ಕೆಳಗೆ ಮಗಳು ಚುಕ್ಕಿ ಕೂತಿದ್ದಳು. ಮಡಿಲಲ್ಲಿ ದೊಡ್ಡ ಕತ್ತರಿ.

"ಯಾರು ಮಾಡಿದ್ದು ಇದು?"

"ನಾನಲ್ಲ. ಇಲಿ."

"ಇಲಿ ಕತ್ತರಿ ಹಿಡ್ಕೊಳ್ಳುತ್ತೇನೇ?"

ಚುಕ್ಕಿ ನಕ್ಕಳು. ಆ ನಗು ನೋಡಿ ಟೈಲರಮ್ಮ ಅವಳ ಕೈ ಹಿಡಿದು ಹೊರಗೆಳೆದು ಕೆನ್ನೆಗೆ ಬಾರಿಸಿದಳು. ಹುಡುಗಿ ಅವಳ ಮಣಿಕಟ್ಟನ್ನು ಕಚ್ಚಿದಳು, ರಕ್ತ ಬರುವ ಹಾಗೆ. ಆಮೇಲೆ ಅಳದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಶಾಲೆಯ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ನನ್ನ ಯಾವಾಗ ಬಿಟ್ಬರ್ತೀರ?" ಎಂದು ಕೇಳಿದಳು. ಅಂಗಡಿಗೆ ಬಂದವರು ಬಟ್ಟೆ ಯಾವಾಗ ಸಿಗುತ್ತೆ ಎಂದು ಕೇಳುತ್ತಾರಲ್ಲ, ಹಾಗೆ.

ಚುಕ್ಕಿ ಟೈಲರಮ್ಮ ಹೆತ್ತ ಮಗಳಲ್ಲ. ಆರು ವರ್ಷದವಳಿದ್ದಾಗ ದತ್ತು ಸಂಸ್ಥೆಯಿಂದ ಬಂದವಳು. ಗಲ್ಲದ ಮೇಲೊಂದು ಮಚ್ಚೆ ಇದ್ದುದಕ್ಕೆ ಅಲ್ಲಿಯವರು ಚುಕ್ಕಿ ಅಂತ ಕರೆಯುತ್ತಿದ್ದರು, ಅದೇ ಹೆಸರು ಉಳಿಯಿತು. ಇವರಿಗಿಂತ ಮುಂಚೆ ಇನ್ನೊಂದು ಮನೆಯವರು ಅವಳನ್ನು ಕರೆದುಕೊಂಡು ಹೋಗಿ, ಆಗುವುದಿಲ್ಲ ಎಂದು ವಾಪಸ್ ಬಿಟ್ಟು ಹೋಗಿದ್ದರು. ಸಂಸ್ಥೆಯವರು ಇದನ್ನು ಮುಚ್ಚಿಡದೆ ಹೇಳಿದ್ದರು. "ಅವ್ರಿಗೆ ಪ್ರೀತಿ ಮಾಡೋಕೆ ಬರ್ಲಿಲ್ಲ ಬಿಡಿ, ನಾವು ನೋಡ್ಕೋತೀವಿ" ಎಂದಿದ್ದ ಟೈಲರಮ್ಮನ ಗಂಡ, ಬಸ್ ಡ್ರೈವರ್. ಅವಳೂ ಹೂಂ ಎಂದಿದ್ದಳು.

ಪ್ರೀತಿ ಮಾಡಿದರು. ಆದರೆ ಆ ಮಗು ಪ್ರೀತಿಯನ್ನು ಹತ್ತಿರ ಸುಳಿಯಗೊಡಲಿಲ್ಲ. ದಿಂಬಿನ ಕೆಳಗೆ ಬ್ರೆಡ್ ಬಚ್ಚಿಡುತ್ತಿದ್ದಳು, ಇರುವೆ ಮುತ್ತುತ್ತಿತ್ತು. ಹೊಟ್ಟೆ ತುಂಬ ಉಂಡು ಹೋಗಿ ಟೀಚರ್ ಹತ್ತಿರ "ನಮ್ಮನೇಲಿ ಊಟ ಹಾಕಲ್ಲ" ಎನ್ನುತ್ತಿದ್ದಳು. ಅಂಗಡಿಗೆ ಬಂದ ಗುರುತು ಪರಿಚಯ ಇಲ್ಲದವರ ಮಡಿಲಲ್ಲಿ ಹೋಗಿ ಕೂರುತ್ತಿದ್ದಳು. ಅಮ್ಮ ತಬ್ಬಿಕೊಂಡರೆ ಮಾತ್ರ ಕಟ್ಟಿಗೆಯ ಹಾಗೆ ಸೆಟೆದುಕೊಳ್ಳುತ್ತಿದ್ದಳು. "ಎಷ್ಟು ಚೂಟಿ ಮಗು ರೀ ನಿಮ್ಮದು" ಎಂದು ಗಿರಾಕಿಗಳು ಹೊಗಳಿದಾಗ ಟೈಲರಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿಯಂತೂ "ಯಾರ ರಕ್ತಾನೋ ಏನೋ, ಸುಮ್ನೆ ಮೈಮೇಲೆ ಎಳ್ಕೊಂಡ್ಯಲ್ಲೇ" ಎಂದು ಸಿಕ್ಕಾಗಲೆಲ್ಲ ಅನ್ನುತ್ತಿದ್ದಳು.

ಆ ಬೆಳಗ್ಗೆ ಕಚ್ಚಿದ ಗಾಯ ಬಾತುಕೊಂಡಿತು. ಟೈಲರಮ್ಮ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿಯ ನರ್ಸ್ ಅವಳ ಹಳೇ ಗಿರಾಕಿ, ಚುಕ್ಕಿ ಬಂದ ಕಥೆ ಗೊತ್ತಿದ್ದವಳು.

"ನಾಯೀನಾ?" ಎಂದು ಕೇಳುತ್ತ ನರ್ಸ್ ಕೈ ಹಿಡಿದು ನೋಡಿದಳು. "ನಾಯಿ ಅಲ್ಲ. ಮಗು ಹಲ್ಲು."

"ಮಗಳು."

ಅಷ್ಟು ಹೇಳುವುದರೊಳಗೆ ಟೈಲರಮ್ಮನ ಅಳು ಕಟ್ಟೆಯೊಡೆಯಿತು. ಯಾರಿಗೂ ಹೇಳದ ಮಾತೂ ಬಾಯಿಂದ ಬಿತ್ತು. "ಸಿಸ್ಟರ್, ಈ ಮಗು ಕಂಡ್ರೆ ನಂಗೆ ಭಯ ಆಗತ್ತೆ. ಶಾಲೆಯಿಂದ ವಾಪಸ್ ಬರೋ ಹೊತ್ತಾದ್ರೆ ಕೈಕಾಲು ತಣ್ಣಗಾಗತ್ತೆ. ನಾನೆಂಥ ತಾಯಿ?"

"ಸುಸ್ತಾಗಿರೋ ತಾಯಿ," ಎಂದಳು ನರ್ಸ್, ಗಾಯ ತೊಳೆಯುತ್ತ. "ನೋಡಿ ಟೈಲರಮ್ಮ, ಎರಡು ಸಲ ಮನೆ ಕಳ್ಕೊಂಡಿರೋ ಮಗು ಅದು. ಹತ್ರ ಹೋದ್ರೆ ಮತ್ತೆ ಕೈ ಬಿಡ್ತಾರೆ ಅಂತ ಅದಕ್ಕೆ ಅನುಭವ ಆಗಿದೆ. ಇದಕ್ಕೆ ಚಿಕಿತ್ಸೆ ಇದೆ. ಮಾತು, ಆಟ, ಅದ್ರಲ್ಲೇ ಮಾಡ್ತಾರೆ, ಥೆರಪಿ ಅಂತಾರೆ. ನಂಗೆ ಅದ್ರ ಒಳಗುಟ್ಟು ಗೊತ್ತಿಲ್ಲ. ದತ್ತು ಕೊಟ್ಟ ಸಂಸ್ಥೆಯವರನ್ನೇ ಕೇಳಿ, ದತ್ತು ಮಕ್ಕಳ ಜೊತೆ ಕೆಲಸ ಮಾಡಿರೋರು ಯಾರಿದ್ದಾರೆ ಅಂತ ಅವರಿಗೆ ತಿಳಿದಿರತ್ತೆ."

"ಸಂಸ್ಥೆಯವರಿಗೆ ಹೇಳಿದ್ರೆ ನಮ್ಮನ್ನೇ ಬೈಯಲ್ವಾ? ಮಗೂನ ಕಿತ್ಕೊಂಡು ಹೋದ್ರೆ?"

"ಸಹಾಯ ಕೇಳಿದ್ದಕ್ಕೆ ಯಾರೂ ಕಿತ್ಕೊಳ್ಳಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ.

"ಹುಚ್ಚರ ಡಾಕ್ಟ್ರ ಹತ್ರನಾ? ನಾಳೆ ಬೀದಿಯೆಲ್ಲ ಹುಚ್ಚಿ ಅಂತ ಕರೀತಾರೆ ಅವಳನ್ನ. ದೊಡ್ಡವಳಾದ್ಮೇಲೆ ಯಾರು ಕೆಲಸ ಕೊಡ್ತಾರೆ?"

"ಹುಚ್ಚು ಅಲ್ವಂತೆ ರೀ. ಭಯ ಅಂತೆ."

"ಭಯ ಇರೋಳು ಕಚ್ತಾಳಾ? ಬೇಕಾದ್ರೆ ಒಂದು ಕೆಲಸ ಮಾಡು. ನಮ್ಮ ಡಿಪೋದವರೊಬ್ಬರು ಮಗನ್ನ ಓದೋದಕ್ಕೆ ಕೂರಿಸೋಕೆ ಒಬ್ಬರು ಸಲಹೆಗಾರರ ಹತ್ರ ಹೋಗ್ತಿದ್ರು. ಅವ್ರನ್ನ ಕೇಳೋಣ. ಸಂಸ್ಥೆಗೆ ಮಾತ್ರ ಹೋಗ್ಬೇಡ. ಮರ್ಯಾದೆ ಪ್ರಶ್ನೆ."

ಆ ಸಲಹೆಗಾರರು ಕೆಟ್ಟವರೇನಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳ ಜೊತೆ ಕೆಲಸ ಮಾಡಿದ್ದವರು. ದತ್ತು ಬಂದ ಮಗು ಎಂದು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. "ತಪ್ಪು ಮಾಡಿದಾಗ ಒಂದು ಕೋಣೆಯಲ್ಲಿ ಒಬ್ಬಳನ್ನೇ ಬಿಡಿ. ಸುಮ್ಮನಾದ ಮೇಲೆ ಬಾಗಿಲು ತೆಗೀರಿ" ಎಂದು ಹೇಳಿ ಕಳಿಸಿದರು.

ಮಾರನೇ ವಾರ ಚುಕ್ಕಿ ಹೊಲಿಗೆ ಯಂತ್ರದ ಸೂಜಿ ಮುರಿದಳು. ಟೈಲರಮ್ಮ ಅವಳನ್ನು ಕೋಣೆಗೆ ಹಾಕಿ ಚಿಲಕ ಹಾಕಿದಳು. ಒಳಗಿನಿಂದ ಕಿರುಚಾಟ, ಬಾಗಿಲಿಗೆ ತಲೆ ಬಡಿದುಕೊಳ್ಳುವ ಸದ್ದು. ಆಮೇಲೆ ಸದ್ದೇ ಇಲ್ಲ. ಸುಮ್ಮನಾದಳು ಎಂದುಕೊಂಡು ಟೈಲರಮ್ಮ ಬಾಗಿಲು ತೆಗೆದಳು. ಚುಕ್ಕಿ ಮೂಲೆಯಲ್ಲಿ ಮುದುರಿಕೊಂಡು, ಒದ್ದೆಯಾದ ಬಟ್ಟೆಯಲ್ಲಿ, ಗೋಡೆಯನ್ನೇ ನೋಡುತ್ತ ಕೂತಿದ್ದಳು. ಕರೆದರೆ ತಿರುಗಲಿಲ್ಲ. ಎರಡು ದಿನ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ.

ಟೈಲರಮ್ಮ ಕೈಚೆಲ್ಲಿದಳು. ಅಂಗಡಿ ತೆಗೆಯುವುದನ್ನು ಬಿಟ್ಟಳು. ಊಟ ಸೇರಲಿಲ್ಲ. "ನನ್ನಿಂದ ಆಗಲ್ಲ ರೀ. ನನ್ನ ಕೈಯಲ್ಲಿ ಈ ಮಗು ಹಾಳಾಗ್ತಿದೆ. ಬಿಟ್ಬರೋಣ" ಎಂದಳು. ಗಂಡ, "ನಾಳೆ ರಜಾ ಹಾಕ್ತೀನಿ" ಎಂದ.

ಚುಕ್ಕಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಬೆಳಗ್ಗೆ ಎದ್ದಾಗ ಚುಕ್ಕಿ ತಲೆ ಬಾಚಿಕೊಂಡು, ಚೀಲ ಹಾಕಿಕೊಂಡು ತಯಾರಾಗಿದ್ದಳು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು, ಚುಕ್ಕಿ ನಡುವೆ. ಗಲಾಟೆ ಮಾಡಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಕೈ ಕಟ್ಟಿ ಕೂತಿದ್ದಳು, ಪರರ ಮನೆಗೆ ಬಂದ ಮಗುವಿನ ಹಾಗೆ. ಅರ್ಧ ದಾರಿ ಆಗಿರಬೇಕು, ಟೈಲರಮ್ಮನ ಕಡೆ ತಿರುಗಿದಳು.

"ಆಂಟಿ, ಸ್ವಲ್ಪ ನೀರು ಕೊಡ್ತೀರಾ?"

ಟೈಲರಮ್ಮನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. ಎರಡು ವರ್ಷ ಸಿಟ್ಟಿನಲ್ಲೋ ರಂಪದಲ್ಲೋ, ಹೇಗೇ ಆಗಲಿ, ಅಮ್ಮ ಎಂದೇ ಕರೆದಿದ್ದ ಹುಡುಗಿ. ಈಗ ಆ ಮಾತನ್ನು ತೊಟ್ಟ ಬಟ್ಟೆಯ ಹಾಗೆ ಬಿಚ್ಚಿ ಮಡಚಿ ಎತ್ತಿಟ್ಟಿದ್ದಳು. ನೀರು ಕುಡಿದು, ಮುಚ್ಚಳ ಬಿಗಿಯಾಗಿ ಹಾಕಿ, "ಥ್ಯಾಂಕ್ಸ್ ಆಂಟಿ" ಎಂದು ಬಾಟಲಿ ವಾಪಸ್ ಕೊಟ್ಟಳು. ಆಮೇಲೆ ಕಿಟಕಿ ಪಕ್ಕ ಕೂತಿದ್ದ ಅಪ್ಪನ ಕಡೆ ತಿರುಗಿ, "ಅಂಕಲ್, ಕಿಟಕಿ ಹಾಕ್ಲಾ? ನಿಮಗೆ ಧೂಳು ಬರ್ತಿದೆ" ಎಂದಳು.

ಅವನು ಮುಖ ತಿರುಗಿಸಿಕೊಂಡ. ಮತ್ತೆ ಇಳಿಯುವವರೆಗೂ ಹೊರಗೇ ನೋಡುತ್ತಿದ್ದ. ಹೆಗಲು ಮಾತ್ರ ಕುಲುಕುತ್ತಿತ್ತು.

ಸಂಸ್ಥೆಯ ಕಚೇರಿಯಲ್ಲಿ ಸಮಾಜ ಕಾರ್ಯಕರ್ತೆ ಮೂವರ ಮುಖ ನೋಡಿದವಳು ಏನೂ ಕೇಳದೆ ಕುರ್ಚಿ ಎಳೆದಳು. ಚುಕ್ಕಿಯನ್ನು ಆಟದ ಕೋಣೆಗೆ ಕರೆದುಕೊಂಡು ಹೋಗಲು ಆಯಾ ಬಂದಳು. ಹುಡುಗಿ ಚೀಲ ಸಮೇತ ಹೊರಟಳು, ತಿರುಗಿ ನೋಡಲಿಲ್ಲ.

ಮೊದಲು ಮಾತಾಡಿದವನು ಟೈಲರಮ್ಮನ ಗಂಡ.

"ಮೇಡಂ, ಬಿಟ್ಟು ಹೋಗೋಕೇ ಬಂದಿದ್ವಿ. ಈಗ... ಆಗ್ತಿಲ್ಲ. ಇಟ್ಕೊಳ್ಳೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ಏನ್ ಮಾಡ್ಬೇಕು ಹೇಳಿ."

"ಇಷ್ಟು ದಿನ ಯಾಕೆ ಬರ್ಲಿಲ್ಲ?"

"ನಾಚಿಕೆ ಮೇಡಂ. ನಾನೇ ಬೇಡ ಅಂದೆ. ಇವಳು ಬರ್ತೀನಿ ಅಂದಿದ್ಲು."

ಸಮಾಜ ಕಾರ್ಯಕರ್ತೆ ತಲೆ ತಗ್ಗಿಸಿದಳು. "ನಮ್ಮ ಕಡೆಯಿಂದಲೂ ತಪ್ಪಾಗಿದೆ. ಮೊದಲ ವರ್ಷ ಬಂದು ನೋಡ್ತಿದ್ವಿ, ಆಮೇಲೆ ಎಲ್ಲ ಚೆನ್ನಾಗಿದೆ ಅಂತ ನೀವಂದ್ರಿ, ನಾವು ನಂಬಿಬಿಟ್ವಿ." ಅವಳು ಮಕ್ಕಳ ಥೆರಪಿಸ್ಟ್ ಒಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ, ಆಮೇಲೆ ಗಂಡ ಹೆಂಡತಿಯ ಕಡೆ ತಿರುಗಿದಳು. "ಇವರು ದತ್ತು ಬಂದ, ಮನೆ ಕಳ್ಕೊಂಡ ಮಕ್ಕಳ ಜೊತೆನೇ ಕೆಲಸ ಮಾಡೋರು. ಮಗೂನ ಒಂದನ್ನೇ ಒಳಗೆ ಕರೆಯಲ್ಲ, ನೀವೂ ಜೊತೆಗಿರ್ಬೇಕು. ನಿಮ್ಮಂಥ ಅಪ್ಪ ಅಮ್ಮಂದಿರು ತಿಂಗಳಿಗೊಂದು ಸಲ ಇಲ್ಲೇ ಸೇರ್ತಾರೆ, ಅಲ್ಲಿಗೂ ಬನ್ನಿ. ಒಂದು ಮಾತು ಮೊದಲೇ ಹೇಳ್ತೀನಿ. ಇದು ಜ್ವರಕ್ಕೆ ಮಾತ್ರೆ ನುಂಗಿದ ಹಾಗಲ್ಲ. ವರ್ಷಗಟ್ಟಲೆ ಆಗಬಹುದು."

ಚುಕ್ಕಿಯನ್ನು ವಾಪಸ್ ಕರೆದುಕೊಂಡು ಬಂದರು. ಸಂತೋಷಪಡುತ್ತಾಳೆ ಎಂದುಕೊಂಡಿದ್ದರು. ಅವಳು ಮನೆ ಹೊಸ್ತಿಲಲ್ಲಿ ನಿಂತು, "ಮತ್ತೆ ಯಾವಾಗ ಹೋಗೋದು?" ಎಂದು ಕೇಳಿದಳು. ಚೀಲ ಬಿಚ್ಚಲಿಲ್ಲ.

ಥೆರಪಿಸ್ಟ್‌ರ ಕೋಣೆಯಲ್ಲಿ ನೆಲದ ಮೇಲೆ ಚಾಪೆ, ಒಂದಿಷ್ಟು ಬೊಂಬೆ, ಬಟ್ಟೆ ಚೂರುಗಳು. ಮೊದಲ ಕೆಲವು ಸಲ ಚುಕ್ಕಿ ಬೆನ್ನು ತಿರುಗಿಸಿ ಕೂತಳು. ಅವರು ಒತ್ತಾಯ ಮಾಡಲಿಲ್ಲ. ಮುಂದೆ ಒಂದು ದಿನ ಅವಳೇ ಅಂಗಡಿ ಆಟ ಶುರು ಮಾಡಿದಳು. ಥೆರಪಿಸ್ಟ್ ಟೈಲರ್ ಆದರು, ಸುಮ್ಮನೆ ಸೂಜಿ ಆಡಿಸಿದ ಹಾಗೆ ಮಾಡಿ, "ಮುಗೀತು!" ಎಂದರು. ಚುಕ್ಕಿ ಬಟ್ಟೆ ಕಿತ್ತುಕೊಂಡು ಎಸೆದಳು.

"ಮುಗೀಬಾರ್ದು."

"ಸರಿ, ಮುಗೀಬಾರ್ದು. ಮುಗಿದ್ರೆ ಏನಾಗತ್ತೆ?"

"ಮುಗಿದ್ರೆ ಅವರು ಅಕ್ಕನ ಮನೆಗೆ ಹೋಗ್ತಾರೆ. ಎಲ್ಲಾ ಬಿಟ್ಟು. ಫೋನಲ್ಲಿ ಹೇಳಿದ್ರು. ಮತ್ತೆ ಬರಲ್ಲ."

ಮೂಲೆಯಲ್ಲಿ ಕೂತಿದ್ದ ಟೈಲರಮ್ಮನಿಗೆ ಆ ಮಾತು ನೆನಪಾಯಿತು. ಹೌದು, ಹೇಳಿದ್ದಳು. ಬೆನ್ನು ನೋವಿನಲ್ಲಿ, ಅಕ್ಕನ ಜೊತೆ ಫೋನಿನಲ್ಲಿ, ಯಾರಾದರೂ ಹೇಳುವ ಮಾತೇ: "ಈ ಯೂನಿಫಾರ್ಮ್ ರಾಶಿ ಒಂದು ಮುಗೀಲಿ ಅಕ್ಕಾ, ಎಲ್ಲಾ ಬಿಟ್ಟು ನಿನ್ನ ಹತ್ರ ಬಂದ್ಬಿಡ್ತೀನಿ." ಆ ರಾಶಿ ಮುಗಿಯಬಾರದು ಎಂದು ಈ ಮಗು ಕತ್ತರಿ ಹಿಡಿದಿತ್ತು. ಅದಕ್ಕೆ ತಾನು ಕೆನ್ನೆಗೆ ಹೊಡೆದಿದ್ದಳು. ಅದಕ್ಕೇ ಸಲಹೆಗಾರರ ಹತ್ತಿರ ಹೋಗಿ, ಅವರ ಮಾತು ಕೇಳಿ, ಚಿಲಕ ಹಾಕಿದ್ದಳು.

ಅವಳು ಎದ್ದು ಹೋಗಿ ತಬ್ಬಿಕೊಳ್ಳಲು ನೋಡಿದಳು. ಥೆರಪಿಸ್ಟ್ ಕಣ್ಣಿನಲ್ಲೇ ತಡೆದರು. "ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು. ಅವಳಾಗಿ ಬಂದಾಗ ಬರ್ಲಿ."

ಅವತ್ತು ಚುಕ್ಕಿ ಬರಲಿಲ್ಲ.

ಇದೆಲ್ಲ ನಡೆದು ಒಂದು ವರ್ಷ ದಾಟಿದೆ. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ದಿಂಬಿನ ಕೆಳಗೆ ಈಗಲೂ ಬ್ರೆಡ್ ಸಿಗುತ್ತದೆ. ಬೈಯುವ ಬದಲು ಟೈಲರಮ್ಮ ಅಲ್ಲೊಂದು ತಿಂಡಿ ಡಬ್ಬಿ ಇಟ್ಟಿದ್ದಾಳೆ, ಅದು ಯಾವಾಗಲೂ ತುಂಬಿರುತ್ತದೆ. ತಾನು ಹೊರಗೆ ಹೋದರೆ ಎಲ್ಲಿಗೆ, ಯಾವಾಗ ವಾಪಸ್ ಎಂದು ಚುಕ್ಕಿಗೆ ಹೇಳಿಯೇ ಹೋಗುತ್ತಾಳೆ, ಹೇಳಿದ ಹೊತ್ತಿಗೇ ಬರುತ್ತಾಳೆ. ಕಚ್ಚುವುದು ಕಡಿಮೆಯಾಗಿದೆ, ನಿಂತಿಲ್ಲ. ಕೆಲವು ದಿನ ಅಡುಗೆಮನೆಯಲ್ಲಿ ನಿಂತು ಟೈಲರಮ್ಮ ಈಗಲೂ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾಳೆ. ಆದರೆ ಈಗ ಫೋನ್ ಮಾಡಲು ತಿಂಗಳಿಗೊಮ್ಮೆ ಸೇರುವ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಜನ ಇದ್ದಾರೆ. "ನಮ್ಮನೇಲೂ ಇವತ್ತು ಹಾಗೇ ಆಯ್ತು ಕಣ್ರೀ" ಎನ್ನುವ ಒಂದು ದನಿ ಇದೆ.

ಅವಳ ಗಂಡ ಆ ಗುಂಪಿನ ಸಭೆ ತಪ್ಪಿಸುವುದಿಲ್ಲ. ಹೊಸದಾಗಿ ದತ್ತು ತೆಗೆದುಕೊಂಡವರು ಬಂದು, "ನಮಗೆ ಅಂಥ ತೊಂದರೆ ಏನಿಲ್ಲ ಬಿಡಿ" ಎಂದರೆ ಅವನಿಗೆ ತಾಳ್ಮೆ ಇರುವುದಿಲ್ಲ. "ತೊಂದ್ರೆ ಬರೋ ತನಕ ಕಾಯ್ಬೇಡಿ ಸ್ವಾಮಿ. ನನ್ನ ಮಗಳು ನನ್ನನ್ನ ಅಂಕಲ್ ಅಂತ ಕರೀತಾಳೆ. ಬಿಟ್ಟುಬರೋಕೆ ಅಂತ ಒಂದ್ಸಲ ಬಸ್ ಹತ್ತಿಸಿದ್ದಕ್ಕೆ. ಇನ್ನೂ ಹಾಗೇ ಕರೀತಾಳೆ."

ಈ ಕಥೆ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೆ ದತ್ತು ಬಂದ ಮಗು ಕದ್ದರೆ, ಕಚ್ಚಿದರೆ, ಮುಟ್ಟಗೊಡದಿದ್ದರೆ ಅದು ಕೆಟ್ಟ ರಕ್ತ ಅಲ್ಲ, ನಿಮ್ಮ ಪ್ರೀತಿ ಸಾಲದೆ ಆದದ್ದೂ ಅಲ್ಲ. ಒಂಟಿಯಾಗಿ ಕೂಡಿಹಾಕಬೇಡಿ. ವಾಪಸ್ ಬಿಟ್ಟುಬರುತ್ತೇನೆ ಎಂದು ಸಿಟ್ಟಿನಲ್ಲೂ ತಮಾಷೆಗೂ ಅನ್ನಬೇಡಿ. ದತ್ತು ಕೊಟ್ಟ ಸಂಸ್ಥೆಗೆ ಹೋಗಿ, ಇಲ್ಲವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಾಯಿ ಬಿಟ್ಟು ಕೇಳಿ. ಥೆರಪಿಸ್ಟ್ ಸಿಕ್ಕರೆ ಮೊದಲು ಹೇಳಿ, ಇದು ದತ್ತು ಮಗು ಎಂದು. ಅಂಥ ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ, ನಮ್ಮನ್ನೂ ಜೊತೆಗೆ ಕೂರಿಸಿಕೊಳ್ಳುತ್ತೀರಾ ಎಂದು ಕೇಳಿ. ಒಬ್ಬರು ಆಗಲಿಲ್ಲವೆಂದು ಕೈಚೆಲ್ಲಬೇಡಿ, ಇನ್ನೊಬ್ಬರನ್ನು ಹುಡುಕಿ. ಪಕ್ಕದ ಮನೆಯಲ್ಲಿ ಇಂಥ ತಾಯಿ ಇದ್ದರೆ ಅವಳ ಮಗುವಿನ ರಕ್ತದ ಮಾತಾಡಬೇಡಿ, ಊಟ ಆಯಿತಾ ಎಂದು ಕೇಳಿ.

ಇವತ್ತೇ ಕೇಳಿ. ಟೈಲರಮ್ಮನ ಮನೆಯವರು ನಾಚಿಕೊಂಡು ತಡ ಮಾಡಿದರು. ಆ ತಡವನ್ನು ಅನುಭವಿಸಿದವಳು ಎಂಟು ವರ್ಷದ ಹುಡುಗಿ.